ಚಿಕ್ಕಜಾಲದಲ್ಲಿ ಮುಟಗಿ ಮಾರಿದ್ದು

ಗದಗಿನಿಂದ ಹೊರಟ ರೈಲು ಯಶವಂತಪುರ ತಲುಪಿದಾಗ ಬೆಳಗಿನ ಆರೂಮುಕ್ಕಾಲು. ಬರಬೇಕಾದ ಹೊತ್ತಿಗಿಂತ ನಲವತ್ತು ನಿಮಿಷ ತಡ. ನನ್ನ ಹತ್ತಿರ ಇದ್ದದ್ದು ಎರಡೇ ಸಾಮಾನು: ಒಂದು ಬಟ್ಟೆಯ ಚೀಲ, ಒಂದು ಹದಿನೈದು ಕಿಲೋ ಜೋಳದ ಹಿಟ್ಟಿನ ಗಂಟು. ಬೆಂಗಳೂರಿನಲ್ಲಿ ಜೋಳದ ಹಿಟ್ಟು ಸಿಗುವುದಿಲ್ಲವೇ ಎಂದು ಎದುರು ಸೀಟಿನವರು ಕೇಳಿದರು. ಸಿಗುತ್ತದೆ, ಆದರೆ ಬಣ್ಣ ಮಾತ್ರ ಹಿಟ್ಟಿನದು ಎಂದೆ. ಇಪ್ಪತ್ತೆರಡು ವರ್ಷದಿಂದ ಖಾನಾವಳಿ ನಡೆಸುವವಳಿಗೆ ಇಷ್ಟಾದರೂ ಸೊಕ್ಕು ಇರಬೇಕು.

ನನ್ನನ್ನು ಕರೆಸಿಕೊಂಡವಳು ನಾಗರತ್ನ, ನನ್ನ ಚಿಕ್ಕವ್ವನ ಮಗಳು. ಅಮೃತಹಳ್ಳಿಯಲ್ಲಿ ಹನ್ನೊಂದು ವರ್ಷದಿಂದ ಪುಟ್ಟ ಖಾನಾವಳಿ ಇಟ್ಟಿದ್ದಾಳೆ. ಆರು ಮೇಜು, ರೊಟ್ಟಿ ಬಡಿಯುವ ಇಬ್ಬರು ಹೆಂಗಸರು, ಮತ್ತು ಅವಳು. ಈಗ ವಿಮಾನ ನಿಲ್ದಾಣದ ದಾರಿಯಲ್ಲಿ, ಚಿಕ್ಕಜಾಲದಲ್ಲಿ, ನಲವತ್ತು ಮಂದಿ ಕೂತು ಉಣ್ಣುವಷ್ಟು ದೊಡ್ಡ ಅಂಗಡಿ ಬಾಡಿಗೆಗೆ ಸಿಗುವಂತಿತ್ತು. ಭಾನುವಾರ ಸಂಜೆಯೊಳಗೆ ಮಾಲೀಕರಿಗೆ ಹೂಂ ಅಥವಾ ಊಹೂಂ ಹೇಳಬೇಕು. ಹೂಂ ಅಂದರೆ ಅಮೃತಹಳ್ಳಿಯದನ್ನು ಮುಚ್ಚಬೇಕಿತ್ತು, ಏಕೆಂದರೆ ಎರಡು ಕಡೆ ರೊಟ್ಟಿ ಬಡಿಯಲು ಕೈಗಳಿರಲಿಲ್ಲ. "ಅಕ್ಕಾ, ಒಮ್ಮೆ ಬಂದು ನೋಡಿ ಹೋಗು. ನೀ ತಗೋ ಅಂದ್ರ ತಗೋತೀನಿ, ಬ್ಯಾಡಂದ್ರ ಬಿಡ್ತೀನಿ" ಎಂದು ಫೋನಿನಲ್ಲಿ ಹೇಳಿದ್ದಳು.

ನಾನು ಬ್ಯಾಡ ಎನ್ನಲೆಂದೇ ರೈಲು ಹತ್ತಿದ್ದೆ. ಎಂಟು ವರ್ಷದ ಹಿಂದೆ ನನಗೂ ಇದೇ ಹುಚ್ಚು ಹಿಡಿದಿತ್ತು. ಊರಲ್ಲೇ ಇನ್ನೊಂದು ಖಾನಾವಳಿ ತೆರೆದೆ. ನಾಲ್ವರು ರೊಟ್ಟಿಯವರನ್ನು ಇಬ್ಬಿಬ್ಬರಾಗಿ ಹಂಚಿದೆ. ಎರಡೂ ಕಡೆ ರೊಟ್ಟಿ ಕೆಟ್ಟಿತು, ಹಳೆಯ ಗಿರಾಕಿಗಳು ಮುಖ ತಿರುಗಿಸಿದರು, ವರ್ಷ ತುಂಬುವುದರೊಳಗೆ ಹೊಸದರ ಬಾಗಿಲು ಹಾಕಿದೆ. ಆ ದಿನ ನಾನು ಅತ್ತದ್ದು ನನ್ನ ಗಂಡನಿಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾದೀತು.

ನಿಲ್ದಾಣದ ಹೊರಗೆ ಹೆಬ್ಬಾಳದ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ಉಚಿತ. ಕಂಡಕ್ಟರು ಸೊನ್ನೆಯ ಚೀಟಿ ಕೊಟ್ಟು, ಕಾಲಡಿಯ ಗಂಟನ್ನು ನೋಡಿ, "ಇದಕ್ಕೆ ಲಗೇಜ್ ಟಿಕೆಟ್ ತಗೋಬೇಕಮ್ಮ" ಎಂದರು.

"ನನಗ ಪುಕ್ಕಟೆ, ನನ್ನ ಹಿಟ್ಟಿಗೆ ರೊಕ್ಕ? ಇದೆಂಥಾ ನ್ಯಾಯರೀ?"

"ಹಿಟ್ಟು ಹೆಂಗಸಲ್ವಲ್ಲಮ್ಮ" ಎಂದರು ಅವರು, ನಗದೆಯೇ. ಇಡೀ ಬಸ್ಸು ನಕ್ಕಿತು. ನಾನೂ ನಕ್ಕು ಹತ್ತು ರೂಪಾಯಿ ಕೊಟ್ಟೆ. ಬೆಂಗಳೂರಿನವರಿಗೆ ಮಾತು ಬರುವುದಿಲ್ಲ ಎಂದು ನಮ್ಮ ಕಡೆ ಹೇಳುವವರು ಒಮ್ಮೆ ಆ ಬಸ್ಸು ಹತ್ತಬೇಕು.

ಪುಷ್ಯ ಮಾಸದ ಚಳಿ. ಹೆಬ್ಬಾಳದ ಮೇಲ್ಸೇತುವೆ ಮಂಜಿನಲ್ಲಿ ಅರ್ಧ ಮಾತ್ರ ಕಾಣುತ್ತಿತ್ತು, ಕೆರೆ ಕಾಣಲೇ ಇಲ್ಲ. ಎಂಟೊಂಬತ್ತು ಕಿಲೋಮೀಟರಿಗೆ ಐವತ್ತು ನಿಮಿಷ ಹಿಡಿಯಿತು. ಬಸ್ಸು ಬದಲಿಸುವಲ್ಲಿ ಗಾಡಿಯ ಮೇಲೆ ಅವರೆಕಾಯಿ ರಾಶಿ ಹಾಕಿಕೊಂಡು ಕೂತಿದ್ದರು. ಆ ಸೊಗಡಿನ ವಾಸನೆಗೆ ರೈಲಿನ ಆಯಾಸವೆಲ್ಲ ಹೋಯಿತು. ಎರಡು ಕಿಲೋ ಕೊಂಡೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?

ಅಮೃತಹಳ್ಳಿ ತಲುಪಿದ್ದು ಒಂಬತ್ತಕ್ಕೆ. ನಾಗರತ್ನ ಬಾಗಿಲಲ್ಲೇ ನಿಂತಿದ್ದಳು. ಹನ್ನೊಂದು ವರ್ಷದಲ್ಲಿ ಅವಳ ಮಾತು ಅರ್ಧ ಬೆಂಗಳೂರಿನದಾಗಿದೆ. ನನ್ನ ಮುಂದೆ ಮಾತ್ರ ಊರಿಗೆ ಮರಳುತ್ತದೆ. "ಏನಕ್ಕಾ, ಹಿಟ್ಟು ಹೊತ್ಕೊಂಡು ಬರೋದಾ?" ಎಂದವಳು ನನ್ನ ಮುಖ ನೋಡಿ, "ತಂದದ್ದು ಚೊಲೋ ಆತು ಬಿಡು" ಎಂದು ತಿದ್ದಿಕೊಂಡಳು.

ಆ ಮಧ್ಯಾಹ್ನ ನಾನು ಬಡಿಸಲು ನಿಂತೆ. ಹನ್ನೆರಡೂವರೆಗೆ ಆರು ಮೇಜೂ ತುಂಬಿದವು. ಸುತ್ತಲಿನ ಕಚೇರಿಗಳವರು, ಕಾಲೇಜಿನ ಮೇಷ್ಟ್ರುಗಳು, ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು. ನಮ್ಮ ಕಡೆ ಖಾನಾವಳಿಯ ಪದ್ಧತಿ ನಿಮಗೆ ಗೊತ್ತಲ್ಲ, ಉಣ್ಣುವವರು ಸಾಕು ಅಂದ ಮೇಲೂ ಒಂದು ರೊಟ್ಟಿ ಹಾಕದಿದ್ದರೆ ಅದನ್ನು ಊಟ ಎನ್ನುವುದಿಲ್ಲ. ನಾಗರತ್ನಳದು ಅದೇ ಪದ್ಧತಿ. ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಇಡುತ್ತಾಳೆ. ನಾನೂ ಹಿಂದೆ ಬೀಳಲಿಲ್ಲ. ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡಿದ್ದ ಒಬ್ಬರಿಗೆ ನಾಲ್ಕನೆಯದು ಇಡಲು ಹೋದಾಗ ಅವರು ಎದ್ದೇ ನಿಂತರು. "ಅಮ್ಮಾ, ಪ್ಲೀಸ್, ನಂಗೆ ಮೀಟಿಂಗ್ ಇದೆ. ಹೋಗ್ಬೇಕು ಕಣ್ರೀ."

ಆಗ ಹೊರಗೆ ನೋಡಿದೆ. ಬಾಗಿಲಲ್ಲಿ ಹನ್ನೆರಡು ಮಂದಿ ಕಾಯುತ್ತಿದ್ದರು. ನೋಡನೋಡುತ್ತಲೇ ಐದು ಮಂದಿ ಹೊರಟುಹೋದರು.

"ನೋಡಿದಿ? ದಿನಾ ಹಿಂಗ ಹೋಗ್ತಾರ. ಅದಕ್ಕ ನಲವತ್ತು ಕುರ್ಚಿ ಬೇಕು ಅನ್ನೂದು" ಎಂದಳು ನಾಗರತ್ನ.

"ಕುರ್ಚಿ ಕಮ್ಮಿ ಅಂತ ಹೊಂಟಿಲ್ಲವ್ವ ಅವ್ರು. ಕೂತವರನ್ನ ನಾವು ಏಳಗೊಡವಲ್ವಿ" ಎಂದೆ. ಅವಳು ಕೇಳಿಸಿಕೊಳ್ಳದವಳಂತೆ ಒಳಗೆ ಹೋದಳು. ನನಗೂ ಆ ಮಾತು ಅರ್ಧ ತಮಾಷೆಗೆ ಬಂದದ್ದು. ಅದರಲ್ಲಿ ನಿಜವಿದೆ ಎಂದು ಹೊಳೆಯಲು ಎರಡು ದಿನ ಬೇಕಾಯಿತು.

ಸಂಜೆ ಯಲಹಂಕದಲ್ಲಿ ಸಣ್ಣ ಹೋಟೆಲಿನವರಿಗೆಂದು ಒಂದು ಉಚಿತ ತರಬೇತಿ ಇತ್ತು. ನಾಗರತ್ನ ಹೆಸರು ಬರೆಸಿದ್ದಳು. ಸೂಟು ತೊಟ್ಟ ಒಬ್ಬ ಯುವಕ ಗೋಡೆಯ ಮೇಲೆ ಚಿತ್ರ ತೋರಿಸುತ್ತ ಒಂದೂವರೆ ತಾಸು ಮಾತಾಡಿದ. ಹೆಸರು ಬದಲಿಸಿ, ಮೆನು ಉದ್ದ ಮಾಡಿ, ಪಾಸ್ತಾ ಇಡಿ, ಗೋಡೆಗೆ ಬಣ್ಣ ಹಚ್ಚಿ ಜನ ಫೋಟೋ ತೆಗೆಸಿಕೊಳ್ಳುವಂತೆ ಮಾಡಿ. ನಾಗರತ್ನ ಎಲ್ಲವನ್ನೂ ಬರೆದುಕೊಂಡಳು. ನಾನು ಅವರು ಕೊಟ್ಟ ಬೋಂಡ ತಿಂದೆ, ಒಳಗೆ ಬೆಂದಿರಲಿಲ್ಲ. ಹೋಟೆಲಿನವರನ್ನು ಕೂರಿಸಿಕೊಂಡು ಹಸಿ ಬೋಂಡ ಕೊಟ್ಟವನ ಮಾತು ಏನು ಕೇಳುವುದು ಎಂದು ಎದ್ದು ಬರುವಾಗ ಅವನು ಕೊನೆಯ ಮಾತೊಂದು ಹೇಳಿದ: ನಿಮ್ಮ ಗಿರಾಕಿಯ ಹತ್ತಿರ ಎಷ್ಟು ನಿಮಿಷ ಇದೆ ಎಂದು ಮೊದಲು ತಿಳಿದುಕೊಳ್ಳಿ. ಅದನ್ನು ನಾಗರತ್ನ ಬರೆದುಕೊಳ್ಳಲಿಲ್ಲ. ಬೋಂಡದ ಸಿಟ್ಟು ಪಕ್ಕಕ್ಕಿಟ್ಟು ಹೇಳುತ್ತೇನೆ, ಆ ಹುಡುಗ ಸಂಬಳಕ್ಕೆ ತಕ್ಕ ಒಂದು ಮಾತು ಹೇಳಿದ್ದ.

ಎರಡನೆಯ ದಿನ ಶನಿವಾರ. ಕಚೇರಿಗಳ ಹಾಗೆ ಖಾನಾವಳಿಗೂ ಶನಿವಾರ, ಭಾನುವಾರ ರಜೆ, ಆರ್.ಟಿ. ನಗರಕ್ಕೆ ಹೋದೆವು. ಅಲ್ಲಿ ಅಸ್ಲಂ ಸಾಹೇಬರ ಬಿರಿಯಾನಿ ಹೋಟೆಲು. ನಾಗರತ್ನಳಿಗೆ ಪಾತ್ರೆ ಅಂಗಡಿಯಲ್ಲಿ ಪರಿಚಯವಾದವರು, ಅರವತ್ತರ ಹತ್ತಿರದ ಮನುಷ್ಯ. ಬಸ್ಸು ಇಳಿದು ಸಂದಿಗೊಂದಿ ದಾಟಿ, ಆಟೋಗಳ ನಡುವೆ ನುಸುಳಿ ಬೆಳಿಗ್ಗೆ ಹತ್ತಕ್ಕೆ ತಲುಪಿದರೆ ಅವರ ಹೋಟೆಲಿನಲ್ಲಿ ಒಬ್ಬಾಕೆ ಇಡ್ಲಿ ಮಾರುತ್ತಿದ್ದಳು. ತಪ್ಪು ಅಂಗಡಿಗೆ ಬಂದೆವೇನೋ ಎಂದುಕೊಂಡೆವು. ಅಸ್ಲಂ ಸಾಹೇಬರು ಮೂಲೆಯ ಮೇಜಿನಲ್ಲಿ ಕೂತು ಅದೇ ಇಡ್ಲಿ ತಿನ್ನುತ್ತಿದ್ದರು.

"ಬನ್ನಿ ಬನ್ನಿ, ಕೂತ್ಕೊಳಿ" ಎಂದು ಎರಡು ತಟ್ಟೆ ತರಿಸಿದರು. "ಇದು ಸೆಲ್ವಿಯಮ್ಮನ ಹೋಟ್ಲು. ಹನ್ನೊಂದು ಗಂಟೆ ಆದ್ಮೇಲೆ ನನ್ದು."

ವಿಷಯ ಇಷ್ಟೇ. ಬೆಳಿಗ್ಗೆ ಖಾಲಿ ಬಿದ್ದಿರುತ್ತಿದ್ದ ಜಾಗವನ್ನು ಅವರು ಎದುರು ರಸ್ತೆಯಲ್ಲಿ ತಳ್ಳುಗಾಡಿ ಇಟ್ಟಿದ್ದ ಸೆಲ್ವಿಯಮ್ಮನಿಗೆ ಬಿಟ್ಟುಕೊಟ್ಟಿದ್ದರು. ಇಡ್ಲಿಗೆ ಬಂದವರು ಮಧ್ಯಾಹ್ನ ಬಿರಿಯಾನಿಗೂ ಬರುತ್ತಾರೆ. ಆಕೆ ಹೋಗುವ ಮುಂಚೆ ನೆಲ ತೊಳೆದು, ಸಾಂಬ್ರಾಣಿ ಹಾಕಿ ಬೀಗದ ಕೈ ಕೊಡುತ್ತಾಳೆ.

"ನಂಗೂ ದೊಡ್ಡ ಜಾಗ ಮಾಡ್ಬೇಕು ಅಂತ ಭಾಳ ಆಸೆ ಇತ್ತು ಆಪಾ" ಎಂದರು ನನ್ನನ್ನು ನೋಡಿ. "ನಮ್ಮ ಮನೆಯವ್ಳು ಕೇಳಿದ್ಳು, ಇರೋ ಜಾಗ ದಿನಕ್ಕೆ ಎಷ್ಟು ಗಂಟೆ ಮಲ್ಗಿರುತ್ತೆ ನೋಡಿದೀರಾ ಅಂತ. ಅಷ್ಟೇ. ನಾನು ಜಾಗ ಬೆಳ್ಸಿಲ್ಲ, ಹೊತ್ತು ಬೆಳ್ಸಿದೀನಿ."

ನಾಗರತ್ನ ವಾದಿಸಿದಳು. "ನಮ್ದು ಹಂಗಲ್ಲ ಸಾಹೇಬ್ರೆ. ರೊಟ್ಟಿ ಊಟ ಬೆಳಿಗ್ಗೆ ಯಾರ್ ಮಾಡ್ತಾರೆ?" ಅವರು ನಮ್ಮನ್ನು ಬಿರಿಯಾನಿ ದಮ್ಮು ಬಿಚ್ಚುವವರೆಗೆ ಕೂರಿಸಿಕೊಂಡರು. ನಾವಿಬ್ಬರೂ ಮಾಂಸ ತಿನ್ನುವವರಲ್ಲ ಎಂದು ತಿಳಿದ ಮೇಲೆ ಸೆಲ್ವಿಯಮ್ಮನಿಂದ ಕೇಸರಿಭಾತು ಕಟ್ಟಿಸಿ ಕೊಟ್ಟರು. ಅದರ ತುಪ್ಪ ಬಸ್ಸಿನಲ್ಲಿ ನನ್ನ ಸೀರೆಗೆ ಇಳಿಯಿತು. ನನಗೆ ಬೇಸರವೇ ಆಗಲಿಲ್ಲ.

ಮನೆಗೆ ಬಂದ ಮೇಲೆ ನಾಗರತ್ನ ಒಂದು ಕಾಗದ ತೆಗೆದು ತೋರಿಸಿದಳು. ಬೋರ್ಡಿನ ಚಿತ್ರ. ಕೆಂಪು ಅಕ್ಷರದಲ್ಲಿ ಅವಳ ಅವ್ವನ ಹೆಸರು, ಕೆಳಗೆ ರೊಟ್ಟಿಯ ಬುಟ್ಟಿ. ಪೇಂಟರಿಗೆ ಹೇಳಿ ಬರೆಸಿಯೂ ಆಗಿತ್ತು. "ಹನ್ನೊಂದು ವರ್ಷ ಆತಕ್ಕ. ರಸ್ತೆದಾಗ ಹೋಗೋ ಮಂದಿ ಓದೋ ಅಷ್ಟು ದೊಡ್ಡ ಬೋರ್ಡು ನಂದೂ ಒಂದು ಇರಲಿ ಅಂತ" ಎಂದಳು. ಬ್ಯಾಡ ಎನ್ನಲು ಬಂದವಳು ಆ ಕಾಗದವನ್ನು ಹುಷಾರಾಗಿ ಮಡಚಿ ಕೊಟ್ಟೆ. ನನ್ನ ಆ ಎರಡನೆಯ ಖಾನಾವಳಿಯ ಬೋರ್ಡು ಈಗಲೂ ಗದಗಿನ ಮನೆಯ ಅಟ್ಟದ ಮೇಲಿದೆ.

"ನಾಳೆ ನೀರು ನೋಡೋಣು. ಆಮ್ಯಾಲ ಹೇಳ್ತೀನಿ" ಎಂದೆ.

ನೀರು ನೋಡುವುದು ರೊಟ್ಟಿಯವರ ಪದ್ಧತಿ. ಹೊಸ ಜಾಗ ಹಿಡಿಯುವ ಮುಂಚೆ ಅಲ್ಲಿಯ ನೀರಿನಲ್ಲೇ ಹಿಟ್ಟು ನಾದಿ ರೊಟ್ಟಿ ಬಡಿದು ನೋಡಬೇಕು. ಗಡಸು ನೀರಾದರೆ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ, ಬೇಳೆ ಬೇಯುವುದಿಲ್ಲ. ನಾನು ಊರಿನ ಎರಡನೆಯ ಖಾನಾವಳಿಗೆ ನೀರು ನೋಡಿರಲಿಲ್ಲ, ಅದೂ ಒಂದು ತಪ್ಪು.

ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ಸಣ್ಣ ಗ್ಯಾಸ್ ಒಲೆ, ಹಂಚು, ಹಿಟ್ಟು ನಾದುವ ಕೊಣಮಿಗೆ, ನನ್ನ ಹಿಟ್ಟಿನ ಅರ್ಧ ಗಂಟು. ಸಾಮಾನು ಹೆಚ್ಚಿದ್ದರಿಂದ ಗೂಡ್ಸ್ ಆಟೋ ಮಾಡಿದೆವು. ಯಲಹಂಕ ದಾಟಿದ ಮೇಲೆ ಮಂಜು ಎಷ್ಟು ದಟ್ಟವಾಯಿತೆಂದರೆ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟು ಬೇರೇನೂ ಕಾಣಲಿಲ್ಲ. ಚಿಕ್ಕಜಾಲಕ್ಕೆ ಹದಿಮೂರು ಹದಿನಾಲ್ಕು ಕಿಲೋಮೀಟರು, ಮುಕ್ಕಾಲು ತಾಸು.

ಅಂಗಡಿ ಚೆನ್ನಾಗಿಯೇ ಇತ್ತು. ಒಳಗೆ ದೊಡ್ಡ ಹಜಾರ, ಮುಂದೆ ರಸ್ತೆಗೆ ಮುಖಮಾಡಿ ಒಂದು ಜಗಲಿ, ಜಗಲಿಯ ಮುಂದೆ ಗಾಡಿ ನಿಲ್ಲಲು ಮಣ್ಣಿನ ಜಾಗ. ಮಾಲೀಕರು ಮುನಿಶಾಮಪ್ಪ, ಹಿಂದಿನ ಮನೆಯಲ್ಲೇ ಇರುವವರು. ಮಂಕಿಟೋಪಿ ಹಾಕಿಕೊಂಡು ಬಂದರು. "ಏನಮ್ಮಾ, ಓಟ್ಲು ತಗೊಳಾಕ್ ಮುಂಚೆ ರೊಟ್ಟಿ ಸುಡ್ತೀರಾ? ನಾನು ಇಂಗೆ ಯಾರ್ನೂ ನೋಡಿಲ್ಲ" ಎಂದು ನಕ್ಕರು. ಅವರ ಹೆಂಡತಿ ಲಕ್ಷ್ಮಮ್ಮ ಒಂದು ಕೊಡ ನೀರು ತಂದು ಜಗಲಿಯ ಮೇಲಿಟ್ಟರು.

ಮಂಜಿನಿಂದ ವಿಮಾನಗಳು ತಡವಾಗಿದ್ದವಂತೆ. ಹಳದಿ ಬೋರ್ಡಿನ ಏಳೆಂಟು ಕಾರುಗಳು ಮಣ್ಣಿನ ಜಾಗದಲ್ಲಿ ನಿಂತಿದ್ದವು, ಚಾಲಕರು ಒಳಗೆ ಮುದುಡಿ ಕೂತು ಮೊಬೈಲು ನೋಡುತ್ತಿದ್ದರು. ನಾನು ಒಲೆ ಹಚ್ಚಿ ಮೊದಲ ರೊಟ್ಟಿ ಬಡಿದು ಹಾಕಿದೆ. ಚಳಿಗೆ ಹಂಚು ಕಾದಿರಲಿಲ್ಲ, ರೊಟ್ಟಿ ಎರಡು ತುಂಡಾಯಿತು. ಎರಡನೆಯದು ಪೂರಿಯ ಹಾಗೆ ಉಬ್ಬಿತು. ನೀರು ಒಳ್ಳೆಯದು. ಮುರಿದ ರೊಟ್ಟಿ ಎಸೆಯುವುದುಂಟೇ? ಲಕ್ಷ್ಮಮ್ಮನ ಒರಳುಕಲ್ಲು ಪಕ್ಕದಲ್ಲೇ ಇತ್ತು. ಅವರೇ ಕೊಟ್ಟ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಕುಟ್ಟಿ, ಬಿಸಿ ರೊಟ್ಟಿ ಹರಿದು ಹಾಕಿ, ಎಣ್ಣೆ ಬಿಟ್ಟು, ಮತ್ತೆ ಕುಟ್ಟಿ, ಮುಷ್ಟಿಯಲ್ಲಿ ಒತ್ತಿ ಮುಟಗಿ ಕಟ್ಟಿದೆ. ನಮ್ಮಿಬ್ಬರ ನಾಷ್ಟಾ ಆಯಿತು ಎಂದುಕೊಂಡೆ.

ಬೆಳ್ಳುಳ್ಳಿಯ ವಾಸನೆ ಮಂಜಿನಲ್ಲಿ ಎಲ್ಲಿಯವರೆಗೆ ಹೋಯಿತೋ, ಒಬ್ಬ ಚಾಲಕ ಕಾರಿನ ಗಾಜು ಇಳಿಸಿದ. "ಅವ್ವಾರ, ಅದು ಮುಟಗಿ ಅಲ್ರೀ?"

ಕೊಪ್ಪಳದ ಕಡೆಯವನು, ಬಸವರಾಜ ಅಂತ ಹೆಸರು. ಕಾರಿಳಿದು ಓಡಿ ಬಂದ. ಕೂಡ್ರು ಅಂದೆ. ಅಷ್ಟರಲ್ಲಿ ಅವನ ಫೋನು ಕೂಗಿತು. "ಟ್ರಿಪ್ ಬಂತ್ರೀ, ಹೋಗ್ಬೇಕು" ಎಂದು ಸಪ್ಪೆ ಮುಖ ಮಾಡಿದ. ಬಂದವನನ್ನು ಹಸಿದು ಕಳಿಸುವ ಕೈ ನನ್ನದಲ್ಲ. ಮುಟಗಿಯನ್ನು ಕಾಗದದಲ್ಲಿ ಸುತ್ತಿ ಅವನ ಕೈಗೆ ತುರುಕಿದೆ. ಅವನು ಕಾರು ಹತ್ತಿ, ಒಂದು ಕೈಯಲ್ಲಿ ಸ್ಟಿಯರಿಂಗು, ಒಂದು ಕೈಯಲ್ಲಿ ಮುಟಗಿ ಹಿಡಿದು, ಅಲ್ಲೇ ಎರಡು ತುತ್ತು ನುಂಗಿ, ಉಳಿದದ್ದನ್ನು ಪಕ್ಕದ ಕಾರಿನವನಿಗೆ ಕಿಟಕಿಯಿಂದಲೇ ಚಾಚಿದ.

"ಏನ್ ಮಗಾ ಇದು, ಉಂಡೆ?"

"ತಿಂದ್ ನೋಡಲೇ."

ಅವನು ತಿಂದ. ಆಮೇಲೆ ಇಳಿದು ಬಂದು ನನ್ನ ಮುಂದೆ ನಿಂತ. "ಅಕ್ಕಾ, ಇದು ಇನ್ನೊಂದ್ ಇದ್ಯಾ? ತಟ್ಟೆ ಬೇಡ, ಕೈ ತೊಳೆಯೋದ್ ಬೇಡ. ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದಿದೀನಿ, ಬಿಸಿಯಾಗಿ ಏನೂ ಸಿಕ್ಕಿಲ್ಲ ಕಣಕ್ಕ."

ಉಳಿದ ಕಾರುಗಳ ಚಾಲಕರೂ ಇಳಿದರು, ಆಮೇಲೆ ಬಂದು ನಿಂತವರೂ ಇಳಿದರು. ನಾನು ಬಡಿದೆ, ನಾಗರತ್ನ ಕುಟ್ಟಿದಳು. ದುಡ್ಡು ಕೊಡಲು ಬಂದರೆ ಅವಳು ನಾಚಿ ಕೈ ಹಿಂದೆ ಕಟ್ಟಿಕೊಂಡಳು. "ಅಕ್ಕಾ, ಮುಟಗಿ ಯಾರಾರ ಮಾರ್ತಾರೇನು? ಕೂಸಿಗೆ ಮಾಡಿ ಕೊಡೋದು. ನಮ್ಮ ಊರಾಗ ಕೇಳಿದ್ರ ನಗ್ತಾರ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಇದು ನಮ್ಮ ಕಡೆಯವರೆಲ್ಲ ಮಾಡುವ ತಪ್ಪು. ಮನೆಯಲ್ಲಿ ಬೆರಳು ನೆಕ್ಕಿ ತಿನ್ನುವುದನ್ನು ಅಂಗಡಿಯಲ್ಲಿಡಲು ನಾಚುತ್ತೇವೆ. ಇಪ್ಪತ್ತೆರಡು ವರ್ಷದಲ್ಲಿ ನಾನೂ ಒಂದು ಮುಟಗಿ ಮಾರಿಲ್ಲ.

"ನಗೋರು ನಗಲಿ. ಹಸದವರು ಇಲ್ಲೆ ನಿಂತಾರ ನೋಡು" ಎಂದೆ.

ಹತ್ತು ಗಂಟೆಗೆ ಮಂಜು ಕರಗಿತು, ಹಿಟ್ಟೂ ಮುಗಿಯಿತು. ಕಾರುಗಳೆಲ್ಲ ಹೋದವು. ಆ ಹೊತ್ತಿನವರೆಗೆ ಹಜಾರದೊಳಗೆ ಒಬ್ಬರೂ ಕಾಲಿಟ್ಟಿರಲಿಲ್ಲ. ಮಧ್ಯಾಹ್ನದವರೆಗೆ ಕಾದೆವು, ಆಗಲೂ ನಿಂತ ಗಾಡಿಯವರು ಹತ್ತೇ ನಿಮಿಷದಲ್ಲಿ ಹೊರಡುತ್ತಿದ್ದರು. ಸೂಟಿನ ಹುಡುಗ ಹೇಳಿದ ನಿಮಿಷದ ಲೆಕ್ಕ ನನಗೆ ಆಗ ಅರ್ಥವಾಯಿತು. ನಾಗರತ್ನ ಖಾಲಿ ಹಜಾರದ ನಡುವೆ ಒಬ್ಬಳೇ ಹೋಗಿ ನಿಂತಳು. ನಲವತ್ತು ಕುರ್ಚಿಯ ಆಸೆ ಬಿಡುವುದು ಸುಲಭವಲ್ಲ ಎಂದು ನನಗೆ ಗೊತ್ತು. ನಾನು ಒಳಗೆ ಹೋಗಲಿಲ್ಲ.

ಸಂಜೆ ಐದಕ್ಕೆ ಮುನಿಶಾಮಪ್ಪ ಬಂದು, "ಏನಮ್ಮ, ಏನ್ ಮಾಡ್ತೀಯಾ?" ಎಂದು ಕೇಳಿದರು. ನಾಗರತ್ನ ನನ್ನ ಮುಖ ನೋಡಿದಳು. ನನಗೆ ಬಾಯಿ ತುರಿಸುತ್ತಿತ್ತು. ಆದರೆ ಈ ಮಾತು ನಾನು ಆಡಿದರೆ ಅದು ಅವಳ ಹೋಟೆಲಾಗಿ ಉಳಿಯುವುದಿಲ್ಲ. ಹಂಚು ಒರೆಸುತ್ತ ಕೂತೆ.

"ಅಂಗಡಿ ಬೇಡ ಸಾರ್. ಈ ಜಗಲಿ ಕೊಡಿ. ಬೆಳಿಗ್ಗೆ ಆರರಿಂದ ಹತ್ತು, ಅಷ್ಟೇ. ಆಮೇಲೆ ನಾನು ಅಮೃತಹಳ್ಳಿ ಊಟಕ್ಕೆ ಹೋಗ್ತೀನಿ" ಎಂದಳು.

"ಇಷ್ಟ್ ದೊಡ್ಡ ಅಂಗ್ಡಿ ಬುಟ್ಟು ಜಗ್ಲಿ ಕೇಳ್ತೀಯಲ್ಲಮ್ಮಾ. ಅದುನ್ನ ಎಂಗ್ ಕೊಡಾದು?"

ಲಕ್ಷ್ಮಮ್ಮ ಬಾಗಿಲಿಂದಲೇ ಹೇಳಿದರು: "ಕೊಟ್ಬುಡಿ. ಇದುಕ್ ಮುಂಚೆ ಓಟ್ಲು ಇಡಾಕೆ ಮೂರ್ ಜನ ಬಂದ್ರು, ಮೂರ್ ಜನಾನೂ ಕುರ್ಚಿ ಒತ್ಕೊಂಡ್ ಓದ್ರು. ಇವ್ಳು ಒಬ್ಳೇ ನಮ್ ಬಾಗ್ಲಾಗೆ ಜನ ನಿಲ್ಸಿದ್ದು."

ಮುನಿಶಾಮಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡರು. ಆಮೇಲೆ ಬೆಳಗಿನ ಮೊದಲ ಮುಟಗಿ ತನಗೇ ಬರಬೇಕು ಎಂಬ ಒಂದೇ ಕರಾರಿನ ಮೇಲೆ ಒಪ್ಪಿದರು. ನಾಗರತ್ನ ಅತ್ತಳು, ನಕ್ಕಳು, ಮತ್ತೆ ಅತ್ತಳು. ನಾನಂತೂ ಎಂಟು ವರ್ಷದ ಭಾರ ಆ ಜಗಲಿಯ ಮೇಲೆ ಇಳಿಸಿದೆ. ಬೆಳೆಯುವುದು ತಪ್ಪಲ್ಲ, ನಾನು ಬೆಳೆದಿರಲಿಲ್ಲ, ಇದ್ದದ್ದನ್ನು ಎರಡು ಹೋಳು ಮಾಡಿದ್ದೆ.

ಮೂರು ದಿನಕ್ಕೆಂದು ಬಂದವಳು ಮತ್ತೆ ಒಂಬತ್ತು ದಿನ ಉಳಿದೆ. ಪರವಾನಗಿಯ ಕಾಗದ, ನೀರಿನ ಡ್ರಮ್ಮು, ದೊಡ್ಡ ಹಂಚು, ಕುಟ್ಟಲು ಹೊಸ ಕಲ್ಲು. ಅಮೃತಹಳ್ಳಿಯ ಇಬ್ಬರು ಹೆಂಗಸರು ಅವಳಿಲ್ಲದೆಯೇ ಹನ್ನೊಂದಕ್ಕೆ ಹಿಟ್ಟು ನಾದಲು ಒಪ್ಪಿದರು. ಮಧ್ಯಾಹ್ನದ ಊಟದಲ್ಲಿ ಒತ್ತಾಯ ಒಂದೇ ರೊಟ್ಟಿಗೆ ಎಂದು ನಾನು ಕಟ್ಟಳೆ ಮಾಡಿದೆ. ಬಾಗಿಲಲ್ಲಿ ಕಾದವರಿಗೆಲ್ಲ ಕುರ್ಚಿ ಸಿಕ್ಕಿತು. ಕೆಂಪು ಅಕ್ಷರದ ಬೋರ್ಡು ಜಗಲಿಗೆ ದೊಡ್ಡದಾಯಿತು, ಆದರೂ ಕಟ್ಟಿಸಿದೆವು.

ನಾನು ಹೊರಟ ದಿನವೇ ಜಗಲಿಯ ಮೊದಲ ದಿನ. ಒಂಬತ್ತಕ್ಕೆ ಯಲಹಂಕದ ಕಡೆಯ ಬಸ್ಸು ಬಂತು, ಮಧ್ಯಾಹ್ನ ಯಶವಂತಪುರದಲ್ಲಿ ನನ್ನ ರೈಲು. ಹೋಗಿ ಬರ್ತೀನಿ ಎಂದು ಕೂಗಿ ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹದಿನಾಲ್ಕು ಕಾರುಗಳು ನಿಂತಿದ್ದವು, ಬಸವರಾಜನದು ಮೊದಲನೆಯದು. ನಾನು ಕೈ ಬೀಸಿದೆ. ನಾಗರತ್ನ ತಲೆ ಎತ್ತಲಿಲ್ಲ. ಬಸ್ಸು ಹೊರಡುವಾಗ ಇನ್ನೊಮ್ಮೆ ಬೀಸಿದೆ. ಆಗಲೂ ನೋಡಲಿಲ್ಲ, ಅವಳ ಎರಡು ಕೈಯೂ ಹಿಟ್ಟಿನಲ್ಲಿದ್ದವು. ಹನ್ನೆರಡು ದಿನದಲ್ಲಿ ಅವಳು ನನ್ನನ್ನು ಕೇಳದೆ ಮಾಡಿದ ಮೊದಲ ಕೆಲಸ ಅದು, ನನ್ನನ್ನು ಮರೆತದ್ದು. ಯಲಹಂಕ ಬರುವವರೆಗೆ ನಾನು ಒಬ್ಬಳೇ ನಗುತ್ತಿದ್ದೆ.